ಉತ್ತರ ಶ್ರೀಲಂಕಾದ ಬೇಸಾಯ: ಬಿತ್ತನೆ ಬೀಜಕ್ಕಿಂತ ಮೊದಲು ಹಕ್ಕುಪತ್ರ

ಪ್ರಶ್ನೆ: ಶ್ರೀಲಂಕಾದ ಅಂತರ್ಯುದ್ಧ 2009ರಲ್ಲೇ ಮುಗಿಯಿತು. ಉತ್ತರ ಪ್ರಾಂತ್ಯದ ರೈತರಿಗೆ ಭಾರತವೂ ಸೇರಿದಂತೆ ಹಲವರು ಬೀಜ, ಟ್ರ್ಯಾಕ್ಟರ್, ಮನೆ ಒದಗಿಸಿದರು. ಆದರೂ ಅಲ್ಲಿನ ಹಳ್ಳಿಗಳು ಚೇತರಿಸಿಕೊಳ್ಳಲು ಏಕೆ ಇಷ್ಟು ತಡವಾಯಿತು? — ಕೃಷಿ ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೆರವು ಸಣ್ಣದಾಗಿರಲಿಲ್ಲ, ಭಾರತದ 50,000 ಮನೆಗಳ ಯೋಜನೆಯ ಬಹುಪಾಲು ಉತ್ತರ ಮತ್ತು ಪೂರ್ವ ಪ್ರಾಂತ್ಯಗಳಿಗೇ ಸಂದಿತು. ಆದರೆ ಬೀಜದ ಚೀಲ ಕೈಗೆ ಬಂದಾಗ ಬಿತ್ತಲು ಹೊಲ ಯಾರದು ಎಂಬುದೇ ಅನೇಕ ಕಡೆ ತೀರ್ಮಾನವಾಗಿರಲಿಲ್ಲ. ಜಾಫ್ನಾದ ವಲಿಕಾಮಂ ಉತ್ತರದಲ್ಲಿ ಈರುಳ್ಳಿ, ತರಕಾರಿ ಬೆಳೆಯುವ ಫಲವತ್ತಾದ ಕೆಂಪು ಮಣ್ಣಿನ ಹೊಲಗಳು ಸೇನೆಯ ಅತಿ ಭದ್ರತಾ ವಲಯದೊಳಗೆ ಸೇರಿದ್ದವು, ಮತ್ತು ಅವುಗಳನ್ನು ಕಂತು ಕಂತಾಗಿ ಮಾತ್ರ ಬಿಟ್ಟುಕೊಡಲಾಯಿತು. ಜಾಫ್ನಾದ ದಕ್ಷಿಣಕ್ಕಿರುವ ವನ್ನಿ ಭಾಗದಲ್ಲಿ ನೆಲಬಾಂಬು ತೆಗೆಯದೆ ನೇಗಿಲು ಇಳಿಸುವಂತಿರಲಿಲ್ಲ.

ಇದಕ್ಕಿಂತ ಜಟಿಲವಾದದ್ದು ಕಾಗದಪತ್ರಗಳ ಸಮಸ್ಯೆ. ಶ್ರೀಲಂಕಾದ ಕಾನೂನಿನಂತೆ ಬೇರೊಬ್ಬರ ಜಮೀನನ್ನು 10 ವರ್ಷ ನಿರಾತಂಕವಾಗಿ ಅನುಭವಿಸಿದವರು ಒಡೆತನ ಕೇಳಬಹುದು (ನಮ್ಮಲ್ಲಿ ಖಾಸಗಿ ಜಮೀನಿನ ಪ್ರತಿಕೂಲ ಸ್ವಾಧೀನಕ್ಕೆ 12 ವರ್ಷ). ಇಪ್ಪತ್ತು ವರ್ಷ ಶಿಬಿರದಲ್ಲೋ ಪರದೇಶದಲ್ಲೋ ಇದ್ದು ಮರಳಿದವರ ಪಾಲಿಗೆ ಈ ನಿಯಮವೇ ಕುತ್ತಾಯಿತು. 1990ರಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಹೊರಹಾಕಿದ್ದ ಉತ್ತರದ ಮುಸ್ಲಿಮರೂ ಇಂಥ ತೊಡಕಿಗೆ ಸಿಕ್ಕಿದರು. 1983ರ ಮೇ ತಿಂಗಳಿನಿಂದ 2009ರ ಮೇ ವರೆಗೆ ಉಗ್ರಗಾಮಿ ಚಟುವಟಿಕೆಯ ಕಾರಣ ಹಕ್ಕು ಸಾಧಿಸಲಾಗದೆ ಹೋದವರಿಗೆ ಈ ಗಡುವಿನಿಂದ ರಕ್ಷಣೆ ಕೊಡುವ ಕಾಯ್ದೆ ಬಂದದ್ದು 2016ರಲ್ಲಿ, ಅಂದರೆ ಯುದ್ಧ ಮುಗಿದ ಏಳು ವರ್ಷಕ್ಕೆ. ಗಂಡ ಕಾಣೆಯಾದ ಹೆಣ್ಣುಮಕ್ಕಳ ಪಾಡು ಇನ್ನಷ್ಟು ಕಷ್ಟದ್ದಾಗಿತ್ತು: ಸರ್ಕಾರಿ ಜಮೀನಿನ ಪರವಾನಗಿ ಗಂಡನ ಹೆಸರಿನಲ್ಲಿ, ಮರಣ ಪ್ರಮಾಣಪತ್ರವಿಲ್ಲದೆ ಖಾತೆ ಬದಲಾಗುತ್ತಿರಲಿಲ್ಲ, ಆ ಪ್ರಮಾಣಪತ್ರ ಪಡೆಯಬೇಕೆಂದರೆ ಗಂಡ ಸತ್ತನೆಂದು ತಾನೇ ಒಪ್ಪಬೇಕಿತ್ತು. ಸಾವನ್ನು ಘೋಷಿಸದೆಯೇ ಕಾಣೆಯಾಗಿರುವುದನ್ನು ದೃಢಪಡಿಸುವ ಪ್ರಮಾಣಪತ್ರದ ಏರ್ಪಾಡು ಆದದ್ದೂ 2016ರಲ್ಲೇ.

ಒತ್ತೆಗೆ ಪತ್ರವಿಲ್ಲದವರು ಬ್ಯಾಂಕಿನ ಬದಲು ವಾರದ ಕಂತಿನ ಕಿರುಸಾಲಕ್ಕೆ ಕೈಯೊಡ್ಡಿದರು. ಭತ್ತದ ಆದಾಯ ಕೈಸೇರುವುದು ಕೊಯ್ಲಿನ ನಂತರ. ಕಂತಾದರೋ ಮುಂದಿನ ವಾರದಿಂದಲೇ ಶುರು. ನನ್ನ ಅಭಿಪ್ರಾಯದಲ್ಲಿ ಪುನರ್ವಸತಿ ನೀತಿಯ ದೊಡ್ಡ ಲೋಪ ಇದೇ. 2018ರಲ್ಲಿ ಬರಪೀಡಿತ ಜಿಲ್ಲೆಗಳ ಮಹಿಳೆಯರ 1 ಲಕ್ಷ ಶ್ರೀಲಂಕಾ ರೂಪಾಯಿವರೆಗಿನ ಕಿರುಸಾಲಗಳಿಗೆ ಸರ್ಕಾರವೇ ಪರಿಹಾರ ಯೋಜನೆ ತರಬೇಕಾಯಿತು.

ನೀರಾವರಿಯ ವಿಷಯದಲ್ಲಿ ಕೆಲಸ ತಕ್ಕಮಟ್ಟಿಗೆ ಚೆನ್ನಾಗಿಯೇ ನಡೆಯಿತು. ಕಿಳಿನೊಚ್ಚಿಯ ಇರಣಮಡು ಕೆರೆಯ ದುರಸ್ತಿ ಅದಕ್ಕೆ ನಿದರ್ಶನ. ಇಷ್ಟು ಚೇತರಿಕೆಯಾಗುವ ಹೊತ್ತಿಗೆ, 2021ರಲ್ಲಿ, ರಾಸಾಯನಿಕ ಗೊಬ್ಬರದ ಆಮದನ್ನು ಸರ್ಕಾರ ಏಕಾಏಕಿ ನಿಷೇಧಿಸಿತು. ಸಾವಯವ ಕೃಷಿಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ಬೇಕಾದಷ್ಟು ಕಾಂಪೋಸ್ಟ್ ಕೂಡ ಸಿದ್ಧವಿಲ್ಲದೆ ಇಡೀ ದೇಶವನ್ನು ಒಂದೇ ಹಂಗಾಮಿನಲ್ಲಿ ಬದಲಿಸಹೊರಟದ್ದು ದುಡುಕು. ನವೆಂಬರ್‌ನಲ್ಲಿ ನಿಷೇಧ ತೆರವಾದಾಗ ‘ಮಹಾ’ ಹಂಗಾಮು (ಅಲ್ಲಿನ ಭತ್ತದ ಮುಖ್ಯ ಹಂಗಾಮು) ಆಗಲೇ ಶುರುವಾಗಿತ್ತು. ಆ ಸಾಲಿನ ಭತ್ತದ ಇಳುವರಿ ಕುಸಿದು, ದೇಶ ಅಕ್ಕಿಯನ್ನು ಆಮದು ಮಾಡಿಕೊಳ್ಳಬೇಕಾಯಿತು.