ಹದಿಮೂರು ವಸಾಹತುಗಳು ಒಂದು ರಾಷ್ಟ್ರವಾದದ್ದು ಎಂದು?

ಮಾನ್ಯರೇ,

ಕಳೆದ ಸಂಚಿಕೆಯ ಲೇಖನವೊಂದರಲ್ಲಿ ನಾವು ‘1776ರ ಜುಲೈ 4ರಂದು ಅಮೆರಿಕ ಎಂಬ ರಾಷ್ಟ್ರ ಜನ್ಮ ತಾಳಿತು’ ಎಂದು ಬರೆದಿದ್ದೆವು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುವ ತಾವು ಅದನ್ನು ತರಗತಿಯಲ್ಲಿ ಓದಿದಾಗ ವಿದ್ಯಾರ್ಥಿನಿಯೊಬ್ಬಳು, ‘ಹಾಗಾದರೆ ಮೊದಲ ಅಧ್ಯಕ್ಷರಾಗಿ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡದ್ದು 1789ರಲ್ಲಿ ಏಕೆ? ಅಲ್ಲಿಯವರೆಗೆ ದೇಶ ಆಳಿದವರು ಯಾರು?’ ಎಂದು ಕೇಳಿದಳೆಂದೂ, ಅದಕ್ಕೆ ತೃಪ್ತಿಕರ ಉತ್ತರ ತಮಗೆ ಹೊಳೆಯಲಿಲ್ಲವೆಂದೂ ಬರೆದಿದ್ದೀರಿ. ಆ ಹುಡುಗಿ ಹಿಡಿದದ್ದು ನಮ್ಮ ವಾಕ್ಯದ ತಪ್ಪನ್ನೇ. ಸ್ವಾತಂತ್ರ್ಯದ ಘೋಷಣೆಯನ್ನೂ ರಾಷ್ಟ್ರದ ನಿರ್ಮಾಣವನ್ನೂ ನಾವು ಒಂದೇ ದಿನಾಂಕಕ್ಕೆ ಕಟ್ಟಿಹಾಕಿದ್ದೆವು.

ಆ ಘೋಷಣೆಯನ್ನೇ ತೆಗೆದು ನೋಡಿ. ಬ್ರಿಟನ್ನಿನಿಂದ ಬೇರ್ಪಡುವ ನಿರ್ಣಯಕ್ಕೆ ಫಿಲಡೆಲ್ಫಿಯಾದಲ್ಲಿ ಮತ ಬಿದ್ದದ್ದು ಜುಲೈ 2ರಂದು. 4ರಂದು ಅಂಗೀಕಾರವಾದದ್ದು ಅದರ ಕಾರಣಗಳನ್ನು ಲೋಕಕ್ಕೆ ತಿಳಿಸುವ ಪಠ್ಯ. ತಮ್ಮ ಪ್ರಾಂತ್ಯದ ಅಪ್ಪಣೆ ಬಾರದಿದ್ದುದರಿಂದ ನ್ಯೂಯಾರ್ಕಿನ ಪ್ರತಿನಿಧಿಗಳು ಮತ ಹಾಕಲಿಲ್ಲ. ಆ ಒಪ್ಪಿಗೆ ದೊರೆತದ್ದು 9ರಂದು. ಪಠ್ಯದಲ್ಲಿರುವ ಮಾತು ‘ಸ್ವತಂತ್ರ ರಾಜ್ಯಗಳು’ ಎಂದು, ಬಹುವಚನದಲ್ಲಿ. 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟಿಷ್ ದೊರೆ ಸ್ವಾತಂತ್ರ್ಯವನ್ನು ಮಾನ್ಯ ಮಾಡಿದಾಗಲೂ ಹದಿಮೂರೂ ರಾಜ್ಯಗಳನ್ನು ಒಂದೊಂದಾಗಿ ಹೆಸರಿಸಲಾಗಿತ್ತು.

ಇದು ಸಹಜವೇ ಆಗಿತ್ತು. 1607ರಲ್ಲಿ ವ್ಯಾಪಾರಿ ಕಂಪನಿಯೊಂದು ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ಬೀಡುಬಿಟ್ಟದ್ದು ಮೊದಲಾಗಿ 1732ರಲ್ಲಿ ಜಾರ್ಜಿಯಾಕ್ಕೆ ಸನ್ನದು ಸಿಕ್ಕುವವರೆಗೆ ಈ ವಸಾಹತುಗಳು ಬೇರೆಬೇರೆ ಕಾರಣಕ್ಕೆ, ಬೇರೆಬೇರೆ ಜನರಿಂದ ನೆಲೆಗೊಂಡಂಥವು. ಒಂದೊಂದಕ್ಕೂ ತನ್ನದೇ ಶಾಸನಸಭೆಯಿತ್ತು. ಸಂಬಂಧ ಲಂಡನ್ನಿನೊಡನೆಯೇ ಹೊರತು ನೆರೆಯವರೊಡನೆ ಹೆಚ್ಚಾಗಿ ಇರಲಿಲ್ಲ. 1754ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಆಲ್ಬನಿಯ ಸಭೆಯಲ್ಲಿ ಒಕ್ಕೂಟದ ಯೋಜನೆಯೊಂದನ್ನು ಮುಂದಿಟ್ಟಾಗ ಯಾವ ವಸಾಹತಿನ ಶಾಸನಸಭೆಯೂ ಅದನ್ನು ಒಪ್ಪಲಿಲ್ಲ.

ಅವರನ್ನು ಒಂದೆಡೆ ಸೇರಿಸಿದ್ದು ಲಂಡನ್ನಿನ ತೆರಿಗೆಗಳು. ಏಳು ವರ್ಷಗಳ ಯುದ್ಧದ ಸಾಲ ಹೊತ್ತಿದ್ದ ಬ್ರಿಟನ್ 1765ರಲ್ಲಿ ಮುದ್ರಾಂಕ ತೆರಿಗೆ ಹೇರಿದಾಗ ಒಂಬತ್ತು ವಸಾಹತುಗಳು ಒಟ್ಟಾಗಿ ಪ್ರತಿಭಟಿಸಿದವು. 1773ರ ಡಿಸೆಂಬರಿನಲ್ಲಿ ಬೋಸ್ಟನ್ನಿನ ಜನ ಈಸ್ಟ್ ಇಂಡಿಯಾ ಕಂಪನಿಯ 342 ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರು. ಮರುವರ್ಷ ಬ್ರಿಟನ್ ಆ ಬಂದರನ್ನೇ ಮುಚ್ಚಿತು. ಆಗ ದೂರದ ದಕ್ಷಿಣ ಕೆರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್ಟಿನಿಂದ ಕುರಿಗಳ ಹಿಂಡನ್ನು ಹೊಡೆದುಕೊಂಡು ಬಂದರು. ಒಂದು ಊರಿನ ಹಸಿವು ತಮ್ಮದೂ ಹೌದೆಂದು ಇತರರಿಗೆ ಅನ್ನಿಸಿದ ಈ ಗಳಿಗೆ ನನಗೆ ಘೋಷಣೆಯಷ್ಟೇ ಮುಖ್ಯವಾಗಿ ಕಾಣುತ್ತದೆ.

ಇನ್ನು ಆಳಿದವರು ಯಾರು ಎಂಬ ಪ್ರಶ್ನೆ. ಪ್ರತಿನಿಧಿಗಳ ಕಾಂಗ್ರೆಸ್ ಒಂದಿತ್ತು. ಅದರ ಅಧಿಕಾರವನ್ನು ಗೊತ್ತುಪಡಿಸುವ ಒಕ್ಕೂಟದ ಕರಾರು ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು. ಬ್ರಿಟನ್ನಿನೊಡನೆ ನಡೆಯುತ್ತಿದ್ದ ಸ್ವಾತಂತ್ರ್ಯ ಯುದ್ಧದಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಶರಣಾಯಿತು. (1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನೂ ಈತನೇ ಎಂದರೆ ತಮ್ಮ ವಿದ್ಯಾರ್ಥಿಗಳಿಗೆ ನೆನಪಿನಲ್ಲಿ ಉಳಿದೀತು.) ಆದರೆ ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗೆ ಇರಲಿಲ್ಲ. ರಾಜ್ಯಗಳನ್ನು ಕೇಳಬೇಕಿತ್ತು, ಅವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಆಮದಿನ ಮೇಲೆ ಶೇ 5ರಷ್ಟು ಸುಂಕ ಹಾಕುವ ಪ್ರಸ್ತಾವ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯವೊಂದು ಒಪ್ಪದ ಕಾರಣಕ್ಕೆ ಬಿದ್ದುಹೋಯಿತು. 1783ರ ಜೂನಿನಲ್ಲಿ ಸಂಬಳ ಕಾಣದ ಸೈನಿಕರು ಸಭಾಭವನವನ್ನು ಸುತ್ತುವರಿದಾಗ ಕಾಂಗ್ರೆಸ್ ಫಿಲಡೆಲ್ಫಿಯಾ ಬಿಟ್ಟು ಪ್ರಿನ್ಸ್‌ಟನ್ನಿಗೆ ಹೋಯಿತು. 1786ರಲ್ಲಿ ಮ್ಯಾಸಚೂಸೆಟ್ಸಿನ ಸಾಲಗಾರ ರೈತರು, ಯುದ್ಧದಲ್ಲಿ ಹೋರಾಡಿದ್ದ ಡೇನಿಯಲ್ ಶೇಸ್‌ನಂಥವರ ಮುಂದಾಳುತನದಲ್ಲಿ, ಜಮೀನು ಜಪ್ತಿ ತಡೆಯಲು ನ್ಯಾಯಾಲಯಗಳನ್ನೇ ಮುಚ್ಚಿಸಿದರು.

ಈ ಅನುಭವವೇ 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಸಂವಿಧಾನ ಸಭೆಗೆ 55 ಪ್ರತಿನಿಧಿಗಳನ್ನು ಕರೆತಂದಿತು. ಅಲ್ಲಿನ ಒಂದು ತಿದ್ದುಪಡಿಯನ್ನು ತಾವು ತರಗತಿಯಲ್ಲಿ ತೋರಿಸಬೇಕೆಂದು ನನ್ನ ಆಸೆ. ಆಗಸ್ಟಿನ ಕರಡಿನ ಪ್ರಸ್ತಾವನೆ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ಎಂದು ಹದಿಮೂರೂ ರಾಜ್ಯಗಳ ಹೆಸರು ಹೇಳಿ, ಅವುಗಳ ಜನರಾದ ನಾವು ಎಂದು ಆರಂಭವಾಗುತ್ತಿತ್ತು. ಸಭೆಗೆ ಒಬ್ಬ ಪ್ರತಿನಿಧಿಯನ್ನೂ ಕಳುಹಿಸದ ರೋಡ್ ಐಲೆಂಡಿನ ಹೆಸರೂ ಅದರಲ್ಲಿತ್ತು. ಒಂಬತ್ತು ರಾಜ್ಯಗಳು ಒಪ್ಪಿದರೆ ಸಾಕೆಂದು ತೀರ್ಮಾನವಾದಾಗ, ಯಾವ ಒಂಬತ್ತು ಎಂದು ತಿಳಿಯದೆ ಹೆಸರು ಬರೆಯುವಂತಿರಲಿಲ್ಲ. ಸೆಪ್ಟೆಂಬರಿನಲ್ಲಿ ಗೌವರ್ನರ್ ಮಾರಿಸ್ (‘ಗೌವರ್ನರ್’ ಇಲ್ಲಿ ಹುದ್ದೆಯಲ್ಲ, ಹೆಸರು) ಎಂಬ ಪ್ರತಿನಿಧಿ ಭಾಷೆಯನ್ನು ತಿದ್ದಿದಾಗ ಅದು ‘ಸಂಯುಕ್ತ ಸಂಸ್ಥಾನದ ಜನರಾದ ನಾವು’ ಎಂದಾಯಿತು. ‘ಭಾರತದ ಪ್ರಜೆಗಳಾದ ನಾವು’ ಎಂದು ಓದಿ ಬೆಳೆದ ನಮ್ಮ ಮಕ್ಕಳಿಗೆ ಆ ಬದಲಾವಣೆಯ ತೂಕ ತಿಳಿಯುತ್ತದೆ. ಆ ‘ಜನರು’ ಎಲ್ಲರೂ ಆಗಿರಲಿಲ್ಲವೆಂಬುದನ್ನೂ ದಯವಿಟ್ಟು ಹೇಳಿ: ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಿದ್ದೂ, 1808ರವರೆಗೆ ಗುಲಾಮರ ಆಮದನ್ನು ನಿಷೇಧಿಸಕೂಡದೆಂದು ಬರೆದದ್ದೂ ಇದೇ ಸಂವಿಧಾನದಲ್ಲಿ.

ಒಂಬತ್ತನೆಯ ಒಪ್ಪಿಗೆ 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರಿನಿಂದ ಬಂತು. 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಪ್ರಮಾಣ ಸ್ವೀಕರಿಸಿದಾಗ ರೋಡ್ ಐಲೆಂಡ್ ಮತ್ತು ಉತ್ತರ ಕೆರೊಲಿನಾ ಇನ್ನೂ ಹೊರಗೇ ಇದ್ದವು. ತನ್ನೊಡನೆ ವ್ಯಾಪಾರವನ್ನೇ ನಿಷೇಧಿಸುವ ಮಸೂದೆ ಸೆನೆಟ್ಟಿನಲ್ಲಿ ಅಂಗೀಕಾರವಾದ ಮೇಲೆ, 1790ರ ಮೇ 29ರಂದು, 34ಕ್ಕೆ 32 ಮತಗಳಿಂದ ರೋಡ್ ಐಲೆಂಡ್ ಒಳಬಂದಿತು.

ನಮ್ಮ ವಾಕ್ಯವನ್ನು ‘1776ರ ಜುಲೈ 4ರಂದು ಹದಿಮೂರು ವಸಾಹತುಗಳ ಸ್ವಾತಂತ್ರ್ಯದ ಘೋಷಣೆ ಅಂಗೀಕಾರವಾಯಿತು’ ಎಂದು ತಿದ್ದಿ ಈ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ. ತಮ್ಮ ವಿದ್ಯಾರ್ಥಿನಿಗೆ ನಮ್ಮ ಕೃತಜ್ಞತೆಯನ್ನು ದಯವಿಟ್ಟು ತಿಳಿಸಿ.

– ಸಂಪಾದಕ