ವರ್ಡಲ್‌ನಲ್ಲಿ ಕೊನೆಯ ನಾಲ್ಕು ಅಕ್ಷರ ಹಸಿರಾದ ಮೇಲೂ ಸೋಲುವುದೇಕೆ? ಐ-ಜಿ-ಎಚ್-ಟಿ ಇಂದ ಮುಗಿಯುವ ಐದಕ್ಷರದ ಪದಗಳು ಯಾವುವು?

ವರ್ಡಲ್ ಎಂದರೆ ಐದಕ್ಷರದ ಇಂಗ್ಲಿಷ್ ಪದವನ್ನು ಆರು ಸಾಲುಗಳಲ್ಲಿ, ಅಂದರೆ ಆರು ಯತ್ನಗಳಲ್ಲಿ, ಊಹಿಸುವ ಆಟ. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಮನೆಯದಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು.

ಮೊದಲು ಪಟ್ಟಿ. ದಿನಬಳಕೆಯ ಪದಗಳು ಎಂಟು: ಏಯ್ಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್. ಅಂದರೆ ಮೊದಲ ಅಕ್ಷರ ಇ, ಎಫ್, ಎಲ್, ಎಂ, ಎನ್, ಆರ್, ಎಸ್ ಅಥವಾ ಟಿ. ಬಿ ಮತ್ತು ಡಬ್ಲ್ಯೂ ಇಂದ ಶುರುವಾಗುವ ಪದಗಳೂ ನಿಘಂಟಿನಲ್ಲಿವೆ, ಆದರೆ ಅವು ಅಪರೂಪದವು. ಜಾಶ್ ವಾರ್ಡಲ್ 2021ರಲ್ಲಿ ಆಟವನ್ನು ಜನರ ಮುಂದಿಟ್ಟಾಗ ಉತ್ತರಗಳ ಪಟ್ಟಿಯಲ್ಲಿದ್ದದ್ದು ಸುಮಾರು 2,300 ಪದ, ಹೆಚ್ಚಿನವು ಎಲ್ಲರಿಗೂ ಗೊತ್ತಿರುವಂಥವೇ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡ ಮೇಲೂ ಆ ಧಾಟಿ ಬದಲಾಗಿಲ್ಲ. ಹಾಗಾಗಿ ಆ ಎರಡನ್ನು ಬದಿಗಿಡಿ.

ಈ ಎಂಟರಲ್ಲಿ ನಮ್ಮವರು ಹೆಚ್ಚಾಗಿ ಮರೆಯುವುದು ಏಯ್ಟ್ ಅನ್ನು ಎಂದು ನನ್ನ ಅನಿಸಿಕೆ. ಕನ್ನಡದಲ್ಲಿ ಬರೆದಂತೆ ಓದುವ ಅಭ್ಯಾಸ ನಮಗೆ. ಪದ ಹುಡುಕುವಾಗಲೂ ಪ್ರಾಸ ಹಿಡಿದೇ ಹೊರಡುತ್ತೇವೆ: ಫೈಟ್, ಲೈಟ್, ನೈಟ್... ಈ ಸಾಲಿಗೆ ಏಯ್ಟ್ ಕಿವಿಯಲ್ಲಿ ಕೂರುವುದಿಲ್ಲ. ಬೇರೆ ಗುಂಪುಗಳಲ್ಲೂ ಇದೇ ಕಥೆ. ಓ-ಯು-ಎನ್-ಡಿ ಗುಂಪಿನಲ್ಲಿ ಬೌಂಡ್, ಫೌಂಡ್, ಹೌಂಡ್, ಮೌಂಡ್, ಪೌಂಡ್, ರೌಂಡ್, ಸೌಂಡ್ ಬರುತ್ತವೆ, ಗಾಯ ಎಂಬರ್ಥದ ವೂಂಡ್ ತಪ್ಪಿಸಿಕೊಳ್ಳುತ್ತದೆ. ಎ-ಟಿ-ಸಿ-ಎಚ್‌ನಲ್ಲಿ ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್ ಹೊಳೆಯುತ್ತವೆ, ಕೈಯಲ್ಲೇ ಕಟ್ಟಿಕೊಂಡಿರುವ ವಾಚ್ ಹೊಳೆಯುವುದಿಲ್ಲ. ಎ-ಎಸ್-ಟಿ-ಇ ಗುಂಪಿನಲ್ಲಿ ಟೇಸ್ಟ್, ಪೇಸ್ಟ್, ವೇಸ್ಟ್ ಸಿಕ್ಕಿ ಕಾಸ್ಟ್, ಅಂದರೆ ಜಾತಿ, ಕೈತಪ್ಪುತ್ತದೆ. ಬಾಯಲ್ಲಿ ಹೇಳಿ ನೋಡಬೇಡಿ. ಎ ಇಂದ ಝಡ್‌ವರೆಗೆ ಒಂದೊಂದೇ ಅಕ್ಷರವನ್ನು ಖಾಲಿ ಮನೆಯಲ್ಲಿಟ್ಟು ಕಣ್ಣಲ್ಲಿ ನೋಡಿ.

ಇನ್ನು ಸೋಲುವುದೇಕೆ? ಮೂರನೇ ಸಾಲಿನಲ್ಲಿ ಲೈಟ್ ಹಾಕಿದಿರಿ, ಎಲ್ ಬೂದು, ಉಳಿದ ನಾಲ್ಕೂ ಹಸಿರು ಎಂದಿಟ್ಟುಕೊಳ್ಳಿ. ಮೊದಲೇ ಏನೂ ಕಳೆದಿರದಿದ್ದರೆ ಏಳು ಪದ ಬಾಕಿ, ಸಾಲು ಮೂರೇ. ಫೈಟ್, ನೈಟ್ ಎಂದು ಒಂದೊಂದೇ ಹಾಕುತ್ತ ಹೋದರೆ ಒಂದು ಸಾಲಿಗೆ ಒಂದೇ ಅಕ್ಷರದ ಪರೀಕ್ಷೆ. ಗೆಲ್ಲುವ ಅವಕಾಶ ಏಳರಲ್ಲಿ ಮೂರು.

ಇಲ್ಲಿ ಒಂದು ಸಾಲನ್ನು ಬೇಕೆಂದೇ ಬಲಿ ಕೊಡಬೇಕು. ನಾಲ್ಕನೇ ಸಾಲಿಗೆ ಫರ್ನ್ಸ್ ಹಾಕಿ: ಎಫ್-ಇ-ಆರ್-ಎನ್-ಎಸ್. ಅದು ಉತ್ತರವಲ್ಲ, ಆದರೆ ಏಳರಲ್ಲಿ ಐದು ಅಕ್ಷರಗಳ ಪರೀಕ್ಷೆ ಒಂದೇ ಏಟಿಗೆ ಮುಗಿಯುತ್ತದೆ. ಎಫ್ ಹಸಿರಾದರೆ ಫೈಟ್. ಇ ಹಳದಿಯಾದರೆ ಏಯ್ಟ್, ಆರ್ ಆದರೆ ರೈಟ್, ಎನ್ ಆದರೆ ನೈಟ್, ಎಸ್ ಆದರೆ ಸೈಟ್. ಐದೂ ಬೂದಾದರೆ ಉಳಿಯುವುದು ಮೈಟ್ ಮತ್ತು ಟೈಟ್ ಮಾತ್ರ, ನಿಮ್ಮ ಬಳಿ ಇರುವುದೂ ಎರಡು ಸಾಲು. ಸೋಲುವ ಮಾತೇ ಇಲ್ಲ.

ಮೂರನೇ ಸಾಲಿನಲ್ಲಿ ಲೈಟ್ ಬದಲು ನೈಟ್ ಹಾಕಿದ್ದರೆ ಫರ್ನ್ಸ್ ಆದ ಮೇಲೂ ಲೈಟ್, ಮೈಟ್, ಟೈಟ್ ಮೂರು ಉಳಿಯಬಹುದು. ಆಗ ಐದನೇ ಸಾಲಿಗೆ ಎಲ್ ಮತ್ತು ಎಂ ಎರಡೂ ಇರುವ ಕ್ಲೈಂಬ್ ಹಾಕಿ: ಸಿ-ಎಲ್-ಐ-ಎಂ-ಬಿ. ಆ ಎರಡೂ ಬೂದಾದರೆ ಟೈಟ್. ಐ ಹಳದಿ ತೋರಿಸುತ್ತದೆ, ಅದು ಗೊತ್ತಿರುವ ಐ, ತಲೆ ಕೆಡಿಸಿಕೊಳ್ಳಬೇಡಿ.

ಓ-ಯು-ಎನ್-ಡಿಗೆ ಸೌಂಡ್ ಹಾಕಿ ಸಿಕ್ಕಿಕೊಂಡರೆ ವಾರ್ಫ್, ಅಂದರೆ ಡಬ್ಲ್ಯೂ-ಎಚ್-ಎ-ಆರ್-ಎಫ್. ಅದೂ ಪೂರ್ತಿ ಬೂದಾದರೆ ಬಿ, ಎಂ, ಪಿ ಉಳಿದವು, ಬಂಪ್ಸ್ ಒಂದರಲ್ಲೇ ಮೂರೂ ಇತ್ಯರ್ಥ.

ಎ-ಟಿ-ಸಿ-ಎಚ್ ಗುಂಪು ಸ್ವಲ್ಪ ತುಂಟ, ಯಾಕೆಂದರೆ ಸಿ ಬಾಲದಲ್ಲೂ ಇದೆ, ತಲೆಗೂ ಬರಬಹುದು. ಮ್ಯಾಚ್ ತಪ್ಪಾದ ಮೇಲೆ ಇಲ್ಲೂ ಕ್ಲೈಂಬ್ ಕೆಲಸಕ್ಕೆ ಬರುತ್ತದೆ. ಸಿ ಮೊದಲ ಮನೆಯಲ್ಲಿರುವುದರಿಂದ ಹಸಿರಾದರೆ ಮಾತ್ರ ಕ್ಯಾಚ್. ಹಳದಿಯಾದರೆ ಅದು ಬಾಲದ ಸಿ ಅಷ್ಟೇ. ಎಲ್, ಬಿ ಎರಡೂ ಬೂದಾದರೆ ಹ್ಯಾಚ್, ಪ್ಯಾಚ್, ವಾಚ್ ಬಾಕಿ. ಮುಂದಿನ ಸಾಲಿಗೆ ಸ್ವಾಂಪ್: ಡಬ್ಲ್ಯೂ ಬೆಳಗಿದರೆ ವಾಚ್, ಪಿ ಬೆಳಗಿದರೆ ಪ್ಯಾಚ್, ಎರಡೂ ಇಲ್ಲದಿದ್ದರೆ ಹ್ಯಾಚ್.

ಹಾರ್ಡ್ ಮೋಡ್ ಆನ್ ಇದ್ದರೆ ಇದ್ಯಾವುದೂ ನಡೆಯುವುದಿಲ್ಲ. ಸಿಕ್ಕಿರುವ ಹಸಿರು ಅಕ್ಷರ ಅದೇ ಜಾಗದಲ್ಲಿ ಇರಲೇಬೇಕು, ಫರ್ನ್ಸ್ ಅನ್ನು ಆಟ ಒಪ್ಪುವುದಿಲ್ಲ. ಅಲ್ಲಿ ಗುಂಡಿಗೆ ಬೀಳುವ ಮೊದಲೇ ಎಚ್ಚರ ಬೇಕು. ಎರಡನೇ ಮನೆಯಲ್ಲಿ ಐ, ಕೊನೆಯಲ್ಲಿ ಟಿ ಹಸಿರಾದ ತಕ್ಷಣ ಲೈಟ್‌ಗೆ ಕೈ ಹಾಕದೆ ಫಸ್ಟ್ ಹಾಕಿ: ಎಫ್-ಐ-ಆರ್-ಎಸ್-ಟಿ. ನಿಯಮ ಮುರಿಯದೆ ಎಫ್, ಆರ್, ಎಸ್ ಮೂರರ ಲೆಕ್ಕ ಮೊದಲೇ ಸಿಗುತ್ತದೆ. ಜಿ-ಎಚ್ ಹಸಿರಾದ ಮೇಲೆ ಈ ದಾರಿಯೂ ಮುಚ್ಚುತ್ತದೆ, ಆಮೇಲೆ ಒಂದೊಂದೇ ಹಾಕುತ್ತ ಹೋಗುವುದಷ್ಟೇ ಗತಿ.