ಓದುಗರ ಪ್ರಶ್ನೆಗೆ ಉತ್ತರ: ಎರಡು ಸಲ ದತ್ತುಹೋದ ಜಮನಾಲಾಲ್ ಬಜಾಜ್

ಪ್ರಶ್ನೆ: ನಮ್ಮ ತಂದೆಯವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಓಡಿಸಿದ ಬಜಾಜ್ ಚೇತಕ್ ಸ್ಕೂಟರ್ ಇಂದಿಗೂ ನಮ್ಮ ಮನೆಯ ಪಡಸಾಲೆಯ ಪಕ್ಕದಲ್ಲಿ ನಿಂತಿದೆ. ಮೊನ್ನೆ ನನ್ನ ಮಗ ಎಲ್ಲೋ ಓದಿಕೊಂಡು ಬಂದು, ‘ಗಾಂಧೀಜಿಯವರ ಐದನೆಯ ಮಗ ಎಂದು ಕರೆಸಿಕೊಂಡ ಜಮನಾಲಾಲ್ ಬಜಾಜ್ ಈ ಸ್ಕೂಟರ್ ಮಾಡಿದವರೇ?’ ಎಂದು ಕೇಳಿದ. ನನಗೆ ಉತ್ತರ ಹೇಳಲಾಗಲಿಲ್ಲ. ಗಾಂಧೀಜಿಯವರಿಗೆ ದೇಣಿಗೆ ಕೊಟ್ಟ ಸಿರಿವಂತರು ಹಲವರಿದ್ದರು. ಇವರೊಬ್ಬರನ್ನೇ ಮಗನೆಂದು ಕರೆಯಲು ಏನು ಕಾರಣ? (ದಾವಣಗೆರೆಯ ಓದುಗರು)

ಉತ್ತರ: ಸ್ಕೂಟರ್ ಮಾಡಿದವರು ಜಮನಾಲಾಲರಲ್ಲ. ಅವರು 1942ರಲ್ಲೇ ತೀರಿಕೊಂಡರು. ಅವರ ಮನೆತನದ ಸಂಸ್ಥೆ ಹೊರದೇಶದಿಂದ ಸ್ಕೂಟರ್ ತರಿಸಿ ಮಾರತೊಡಗಿದ್ದು, ಆಮೇಲೆ ಇಲ್ಲಿಯೇ ತಯಾರಿಸಿದ್ದು, ನಿಮ್ಮ ತಂದೆಯವರ ಚೇತಕ್ 1970ರ ದಶಕದಲ್ಲಿ ರಸ್ತೆಗೆ ಇಳಿದದ್ದು ಎಲ್ಲವೂ ಮುಂದಿನ ತಲೆಮಾರಿನ ಕೆಲಸ. ಜಮನಾಲಾಲರ ಕಾಲದಲ್ಲಿ ಆ ಮನೆಯ ಮುಖ್ಯ ವ್ಯವಹಾರ ಈಗಿನ ಮಹಾರಾಷ್ಟ್ರದ ವರ್ಧಾದ ಹತ್ತಿ. 1931ರಲ್ಲಿ ಅವರು ಉತ್ತರ ಪ್ರದೇಶದ ಗೋಲಾ ಗೋಕರ್ಣನಾಥದಲ್ಲಿ ಸಕ್ಕರೆ ಕಾರ್ಖಾನೆಯನ್ನೂ ಆರಂಭಿಸಿದರು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅವರ ಬಾಲ್ಯದಿಂದಲೇ ಆರಂಭಿಸಬೇಕು. ಅವರು ಹುಟ್ಟಿದ್ದು 1889ರ ನವೆಂಬರ್ 4ರಂದು, ಆಗಿನ ಜಯಪುರ ಸಂಸ್ಥಾನಕ್ಕೆ ಸೇರಿದ ಸೀಕರ್ ಬಳಿಯ ಕಾಶೀ ಕಾ ಬಾಸ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಕನೀರಾಮ್, ತಾಯಿ ಬಿರ್ದೀಬಾಯಿ, ಬಡ ಕುಟುಂಬ. ವರ್ಧಾದಲ್ಲಿ ನೆಲೆಸಿದ್ದ ಸಿರಿವಂತ ಮಾರವಾಡಿ ವರ್ತಕ ಸೇಠ್ ಬಚ್ಛರಾಜರಿಗೆ ಇದ್ದ ಮಗ ತೀರಿಕೊಂಡಿದ್ದ, ವಂಶ ನಿಂತುಹೋಗುವ ಚಿಂತೆಯಿತ್ತು. ಬಚ್ಛರಾಜ ದಂಪತಿ ಆ ಸೀಮೆಗೆ ಬಂದಾಗ, ಬಾಗಿಲ ಮುಂದೆ ಆಡುತ್ತಿದ್ದ ಮಗುವನ್ನು ಕಂಡು ಸೇಠರ ಹೆಂಡತಿ ಸದೀಬಾಯಿ ‘ಈ ಹುಡುಗನನ್ನು ನಮಗೆ ಕೊಟ್ಟುಬಿಡಿ’ ಎಂದರಂತೆ. ತಾಯಿ ಉಪಚಾರಕ್ಕೆ ‘ನಿಮ್ಮದೇ ಮಗು’ ಎಂದರಂತೆ. ಆಡಿದ ಮಾತು ಆಡಿದ್ದೇ ಎಂದು ಹಿಡಿದುಬಿಟ್ಟದ್ದರಿಂದ ಐದು ವರ್ಷ ತುಂಬುವ ಹೊತ್ತಿಗೆ ಹುಡುಗ ಮೊಮ್ಮಗನಾಗಿ ದತ್ತು ಹೋಗಬೇಕಾಯಿತು. ಮಗನಿಗೆ ಬೆಲೆ ಕಟ್ಟಿ ಹಣ ತೆಗೆದುಕೊಳ್ಳಲು ಕನೀರಾಮರು ಒಪ್ಪಲಿಲ್ಲ. ಊರಿಗೆ ಕುಡಿಯುವ ನೀರಿಲ್ಲ, ಒಂದು ಬಾವಿ ತೋಡಿಸಿಕೊಡಿ ಎಂದಷ್ಟೇ ಕೇಳಿದರು, ಬಾವಿಯೂ ಆಯಿತು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಆ ಮರುಭೂಮಿಯ ಅಂಚಿನ ಹಳ್ಳಿಯಲ್ಲಿ ಬಾವಿಯೆಂದರೆ ಏನೆಂಬುದನ್ನು ನಮ್ಮ ಬಯಲುಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವರ್ಧಾದಲ್ಲಿ ಹುಡುಗನಿಗೆ ಶಾಲೆಯ ಓದು ನಾಲ್ಕಾರು ವರ್ಷಗಳಿಗೇ ಮುಗಿಯಿತು. ಅಂಗಡಿಯ ಗಾದಿಯ ಮೇಲೆ ಕುಳಿತು ಲೆಕ್ಕ ಕಲಿತದ್ದೇ ಮುಂದಿನ ವಿದ್ಯೆ. ದಿನಕ್ಕೆ ಒಂದು ರೂಪಾಯಿ ಕೈಖರ್ಚು ಸಿಗುತ್ತಿತ್ತು. 1906ರಲ್ಲಿ ತಿಲಕರ ‘ಕೇಸರಿ’ ಪತ್ರಿಕೆಯ ಹಿಂದಿ ಆವೃತ್ತಿ ನಾಗಪುರದಿಂದ ಹೊರಡುತ್ತದೆಂದು ತಿಳಿದಾಗ, ಆ ಕೈಖರ್ಚಿನಿಂದ ಉಳಿಸಿದ್ದ ನೂರು ರೂಪಾಯಿಯನ್ನು ಅವರು ಕಳುಹಿಸಿಕೊಟ್ಟರು. ಮುಂದೆ ಲಕ್ಷಗಟ್ಟಲೆ ಕೊಟ್ಟ ಕಾಲದಲ್ಲೂ, ಆ ನೂರು ರೂಪಾಯಿ ಕೊಟ್ಟಾಗ ಆದ ಸಂತೋಷ ಮತ್ತೆ ಆಗಲಿಲ್ಲವೆಂದು ಅವರು ನೆನೆಯುತ್ತಿದ್ದರು. ಹದಿನಾರು ವರ್ಷದ ಹುಡುಗ ನೂರು ದಿನ ತನ್ನ ಆಸೆಗಳನ್ನು ಕಟ್ಟಿಹಾಕಿಕೊಂಡು ಕೂಡಿಸಿದ ಹಣ ಅದು ಎಂಬುದನ್ನು ಗಮನಿಸಿದರೆ ಆ ಮಾತು ಉತ್ಪ್ರೇಕ್ಷೆಯೆನಿಸುವುದಿಲ್ಲ.

ಅವರ ಇಡೀ ಬದುಕಿಗೆ ಕೀಲಿಯಂತಿರುವ ಘಟನೆ ನಡೆದದ್ದು ಅದರ ಮರುವರ್ಷ. ಒಂದು ಮದುವೆಗೆ ಹೊರಡುವಾಗ ಮೈಮೇಲೆ ಒಡವೆ ಹಾಕಿಕೊಂಡು ಬರಬೇಕೆಂದು ಬಚ್ಛರಾಜರು ಹಟ ಹಿಡಿದರು, ಹುಡುಗ ಒಲ್ಲೆನೆಂದ. ಮುಂಗೋಪಿಯಾದ ಮುದುಕರು, ಯಾರ ಹಣದಲ್ಲಿ ಬೆಳೆದೆ ಎಂಬ ಅರ್ಥದ ಮಾತುಗಳನ್ನಾಡಿ ಚುಚ್ಚಿದರು. ಹದಿನೇಳರ ಜಮನಾಲಾಲ್ ಎದುರಾಡಲಿಲ್ಲ. ಒಂದು ಪತ್ರ ಬರೆದಿಟ್ಟು ಮನೆ ಬಿಟ್ಟು ಹೊರಟರು. ತಮ್ಮ ಆಸ್ತಿಯ ಮೇಲೆ ಇಂದಿನಿಂದ ನನಗೆ ಯಾವ ಹಕ್ಕೂ ಇಲ್ಲ, ಒಂದು ಕಾಸನ್ನೂ ಬೇಡುವುದಿಲ್ಲ, ಅದಕ್ಕಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತುವುದಿಲ್ಲ, ತಮ್ಮ ಮೇಲೆ ನನಗೆ ಸಿಟ್ಟಿಲ್ಲ, ಇರುವ ಹಣವನ್ನು ತಾವು ದಾನಧರ್ಮಗಳಿಗೆ ವಿನಿಯೋಗಿಸಬೇಕು ಎಂಬುದು ಆ ಪತ್ರದ ಸಾರ. ಮನೆಯವರು ಹುಡುಕಿ, ಸಮಾಧಾನ ಹೇಳಿ ಕರೆತಂದರು. ಅಜ್ಜನ ಕೋಪವೂ ಕರಗಿತು. ಅದೇ ವರ್ಷ ಬಚ್ಛರಾಜರು ತೀರಿಹೋದರು, ಆಸ್ತಿಯೆಲ್ಲ ಮೊಮ್ಮಗನ ಕೈಸೇರಿತು. ಬೇರೆಯವರಾಗಿದ್ದರೆ ಆ ಪತ್ರವನ್ನು ಪ್ರಾಯದ ಬಿಸಿರಕ್ತದ ಮಾತೆಂದು ಮರೆತುಬಿಡುತ್ತಿದ್ದರು. ಜಮನಾಲಾಲರು ಮರೆಯಲಿಲ್ಲ. ಒಮ್ಮೆ ಬೇಡವೆಂದು ಬರೆದುಕೊಟ್ಟ ಹಣ ತನ್ನದಾಗುವುದು ಹೇಗೆ, ಅದನ್ನು ನೋಡಿಕೊಳ್ಳುವ ಹೊಣೆಯಷ್ಟೇ ತನ್ನದು ಎಂಬ ಭಾವನೆ ಅವರಲ್ಲಿ ಕೊನೆಯವರೆಗೂ ಉಳಿಯಿತು. ಗಾಂಧೀಜಿಯವರು ದಕ್ಷಿಣ ಆಫ್ರಿಕಾದಿಂದ ಮರಳಿ ಬಂದದ್ದು 1915ರಲ್ಲಿ. ಜಮನಾಲಾಲರು ಆ ಪತ್ರ ಬರೆದದ್ದು ಅದಕ್ಕೆ ಎಂಟು ವರ್ಷ ಮುಂಚೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಗಾಂಧೀಜಿಯವರನ್ನು ಕಂಡ ಮೇಲೆ ಅವರ ಮನಸ್ಸು ಬದಲಾಯಿತು ಎನ್ನುವುದಕ್ಕಿಂತ, ಆ ಮನಸ್ಸಿಗೆ ಒಪ್ಪುವ ಹಿರಿಯರೊಬ್ಬರನ್ನು ಅವರು ಅಲ್ಲಿಯವರೆಗೆ ಹುಡುಕುತ್ತಿದ್ದರು ಎನ್ನುವುದು ಹೆಚ್ಚು ಸರಿ.

1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತ ಸಮಿತಿಯ ಅಧ್ಯಕ್ಷರು ಇವರೇ. ಆ ಸಂದರ್ಭದಲ್ಲೇ ಅವರು ಗಾಂಧೀಜಿಯವರ ಮುಂದೆ ನಿಂತು, ತಮ್ಮ ಕಿರಿಯ ಮಗ ದೇವದಾಸನಂತೆ ನನ್ನನ್ನೂ ತಮ್ಮ ಮಗನೆಂದು ತಿಳಿಯಬೇಕು ಎಂದು ಬೇಡಿಕೊಂಡರು. ಗಾಂಧೀಜಿಯವರಿಗೆ ನಾಲ್ವರು ಗಂಡುಮಕ್ಕಳಿದ್ದುದರಿಂದ ಇವರು ಐದನೆಯವರಾದರು. ಮೊದಲ ದತ್ತಿನಲ್ಲಿ ಮಗುವನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಎರಡನೆಯದರಲ್ಲಿ ಮೂವತ್ತೊಂದು ವರ್ಷದ ಗೃಹಸ್ಥನೊಬ್ಬ ತಾನಾಗಿಯೇ ತಂದೆಯನ್ನು ಆರಿಸಿಕೊಂಡ. ಗಾಂಧೀಜಿಯವರು ಮಗನೆಂದು ಕರೆದದ್ದು ದೇಣಿಗೆಗಾಗಿ ಅಲ್ಲ, ಹೀಗೆ ಕೇಳಿಕೊಂಡು ಬಂದವನನ್ನು ಒಪ್ಪಿಕೊಂಡದ್ದರಿಂದ.

ಒಪ್ಪಿಕೊಂಡ ಸಂಬಂಧಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಸರ್ಕಾರ ಕೊಟ್ಟಿದ್ದ ‘ರಾಯ್ ಬಹಾದ್ದೂರ್’ ಬಿರುದನ್ನು ಹಿಂದಿರುಗಿಸಿದರು, ಗೌರವ ಮ್ಯಾಜಿಸ್ಟ್ರೇಟರ ಹುದ್ದೆಯನ್ನು ಬಿಟ್ಟರು. ಅಸಹಕಾರದಲ್ಲಿ ವಕೀಲಿ ಬಿಟ್ಟವರ ಸಂಸಾರ ನಡೆಯಲೆಂದು ಒಂದು ಲಕ್ಷ ರೂಪಾಯಿ ಕೊಟ್ಟರು. ಕಾಂಗ್ರೆಸ್ಸಿನ ಖಜಾಂಚಿಯಾದವರು ಸಾಯುವವರೆಗೆ ಆ ಹೊಣೆಯನ್ನು ಹೊತ್ತರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದ ಮುಂದಾಳತ್ವ ವಹಿಸಿ ಜೈಲಿಗೆ ಹೋದರು. ದಂಡ ಕಟ್ಟಲಿಲ್ಲವೆಂದು ಸರ್ಕಾರ ಅವರ ಮೋಟಾರು ಕಾರನ್ನು ಜಪ್ತಿ ಮಾಡಿದಾಗ, ಹರಾಜಿನಲ್ಲಿ ಅದನ್ನು ಕೂಗಲು ಆ ಊರಿನಲ್ಲಿ ಒಬ್ಬರೂ ಮುಂದೆ ಬರಲಿಲ್ಲವೆಂದು ಹೇಳುತ್ತಾರೆ. 1930ರ ಉಪ್ಪಿನ ಸತ್ಯಾಗ್ರಹದಲ್ಲೂ, ಹುಟ್ಟಿದ ಸೀಮೆಯ ಪ್ರಜಾಮಂಡಲಕ್ಕಾಗಿ (ಸಂಸ್ಥಾನದ ಪ್ರಜೆಗಳ ಹಕ್ಕಿಗಾಗಿ ಹೋರಾಡುತ್ತಿದ್ದ ಸಂಘಟನೆ) 1939ರಲ್ಲಿ ಜಯಪುರದಲ್ಲೂ ಸೆರೆವಾಸ ಅನುಭವಿಸಿದರು.

ಆದರೆ ನನ್ನ ದೃಷ್ಟಿಯಲ್ಲಿ ಜೈಲಿಗಿಂತ ಕಠಿಣವಾಗಿದ್ದುದು 1928ರ ಜುಲೈ ತಿಂಗಳಿನ ಕೆಲಸ. ವರ್ಧಾದ ಲಕ್ಷ್ಮೀನಾರಾಯಣ ದೇವಾಲಯ ಅವರ ಅಜ್ಜ ಬಚ್ಛರಾಜರೇ ಕಟ್ಟಿಸಿದ್ದು, ಮನೆದೇವರ ಗುಡಿಯೆಂದೇ ಹೇಳಬೇಕು. ಅದರ ಬಾಗಿಲನ್ನು ಅಸ್ಪೃಶ್ಯರೆಂದು ಹೊರಗಿಟ್ಟಿದ್ದವರಿಗೆ ತೆರೆಯಬೇಕೆಂದು ಅವರು ಧರ್ಮದರ್ಶಿಗಳನ್ನು ಬಹುಕಾಲ ಒಲಿಸಿ, ಕೊನೆಗೆ ತೆರೆಸಿಯೇಬಿಟ್ಟರು. ನಾಸಿಕದ ಕಾಳಾರಾಮ ಮಂದಿರದ ಎದುರು ಅಂಬೇಡ್ಕರರ ನೇತೃತ್ವದ ಸತ್ಯಾಗ್ರಹ ಆರಂಭವಾದದ್ದು 1930ರ ಮಾರ್ಚಿನಲ್ಲಿ, ಪೂನಾ ಒಪ್ಪಂದ ಆದದ್ದು 1932ರಲ್ಲಿ. ಅವೆರಡಕ್ಕೂ ಮುಂಚೆ ನಡೆದದ್ದು ಇದು. ಸರ್ಕಾರದ ವಿರುದ್ಧ ನಿಂತು ಜೈಲಿಗೆ ಹೋದವರಿಗೆ ಊರು ಹಾರ ಹಾಕುತ್ತದೆ. ತನ್ನದೇ ಜಾತಿಯವರು ಪಂಕ್ತಿಯಿಂದ ಹೊರಗಿಟ್ಟಾಗ, ವ್ಯಾಪಾರದ ನಂಟು ಮತ್ತು ಮದುವೆಯ ನಂಟು ಎರಡೂ ಜಾತಿಯೊಳಗೇ ಇರುವ ವರ್ತಕನಿಗೆ, ಹಾರ ಹಾಕುವವರು ಯಾರೂ ಇರುವುದಿಲ್ಲ. ಮಾರವಾಡಿ ಸಮಾಜದ ಸಂಪ್ರದಾಯಸ್ಥರ ಬಹಿಷ್ಕಾರವನ್ನು ಅವರು ನುಂಗಿಕೊಂಡೇ ಮುಂದೆ ನಡೆದರು.

ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಾಗ, ಸ್ವರಾಜ್ಯ ಬರುವವರೆಗೆ ಸಾಬರಮತಿಗೆ ಮರಳುವುದಿಲ್ಲವೆಂದು ಪಣತೊಟ್ಟ ಗಾಂಧೀಜಿಯವರು ಮುಂದೆ ವರ್ಧಾಕ್ಕೆ ಬಂದು ನೆಲೆಸಿದ್ದಕ್ಕೂ ಈ ಮಗನ ಒತ್ತಾಯವೇ ಕಾರಣ. ಅಖಿಲ ಭಾರತ ಗ್ರಾಮೋದ್ಯೋಗ ಸಂಘಕ್ಕೆ ತಮ್ಮ ತೋಟವನ್ನೇ ಬಿಟ್ಟುಕೊಟ್ಟರು, ಅದು ಮಗನ್‌ಲಾಲ್ ಗಾಂಧಿಯವರ ಹೆಸರಿನಲ್ಲಿ ‘ಮಗನ್‌ವಾಡಿ’ಯಾಯಿತು. 1936ರಲ್ಲಿ ಗಾಂಧೀಜಿಯವರು ಹೋಗಿ ನೆಲೆಸಿದ ಸೇಗಾಂವ್ ಹಳ್ಳಿಯ ಭೂಮಿಯ ಬಹುಪಾಲು ಜಮನಾಲಾಲರದೇ. ಆ ಹಳ್ಳಿಗೆ ಸೇವಾಗ್ರಾಮವೆಂಬ ಹೆಸರು ಬಂದದ್ದು 1940ರಲ್ಲಿ.

ಪ್ರಶ್ನೆ: ಸಿರಿವಂತರು ತಮ್ಮ ಸಂಪತ್ತಿಗೆ ಧರ್ಮದರ್ಶಿಗಳಂತಿರಬೇಕು ಎಂಬ ಗಾಂಧೀಜಿಯವರ ವಿಚಾರಕ್ಕೆ ಜಮನಾಲಾಲ್ ಬಜಾಜರನ್ನು ಉದಾಹರಣೆಯಾಗಿ ಹೇಳುತ್ತಾರೆ. ಆದರೆ ಅವರು ಕಾರ್ಖಾನೆಗಳ ಒಡೆಯರಾಗಿಯೇ ಉಳಿದರು, ಆಸ್ತಿ ಮನೆತನದಲ್ಲೇ ಮುಂದುವರಿಯಿತು. ಹಾಗಿರುವಾಗ ಈ ಮಾತಿಗೆ ಏನು ಅರ್ಥ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದು, ಅದಕ್ಕೆ ಗಾಂಧೀಜಿಯವರೇ ಉತ್ತರ ಕೊಟ್ಟಿದ್ದಾರೆ. ಜಮನಾಲಾಲರು ತೀರಿಕೊಂಡಾಗ ‘ಹರಿಜನ’ ಪತ್ರಿಕೆಯಲ್ಲಿ ಅವರು ಬರೆದ ಮಾತಿನ ತಾತ್ಪರ್ಯ ಇದು: ಸಿರಿವಂತರು ಲೋಕಹಿತಕ್ಕಾಗಿ ತಮ್ಮ ಸಂಪತ್ತಿನ ಧರ್ಮದರ್ಶಿಗಳಾಗಬೇಕೆಂದು ಬರೆದಾಗಲೆಲ್ಲ ತಮ್ಮ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದವರು ಈ ವರ್ತಕರು, ಅವರ ಧರ್ಮದರ್ಶಿತ್ವ ಆದರ್ಶದ ಮಟ್ಟವನ್ನು ಮುಟ್ಟಲಿಲ್ಲವೆಂದಾದರೆ ಆ ತಪ್ಪು ಅವರದಲ್ಲ, ಆವೇಶದಲ್ಲಿ ಮುಂದೆ ಪಶ್ಚಾತ್ತಾಪ ಪಡುವಂಥ ಹೆಜ್ಜೆ ಇಡದಿರಲೆಂದು ತಾವೇ ಅವರನ್ನು ತಡೆದಿದ್ದರು. ಎಂದರೆ ಎಲ್ಲವನ್ನೂ ಬಿಟ್ಟುಕೊಡಲು ಮಗ ಮುಂದಾಗಿದ್ದ, ತಂದೆ ತಡೆದರು. ತಡೆದದ್ದು ಸರಿಯೇ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಹದಿನೇಳರ ವಯಸ್ಸಿನಲ್ಲೇ ಬಿಡುವ ಮನಸ್ಸು ಮಾಡಿದವನಿಗೆ ಮತ್ತೊಮ್ಮೆ ಬಿಡುವುದು ಕಷ್ಟವಾಗುತ್ತಿರಲಿಲ್ಲವೆಂದು ನನಗೆ ಅನಿಸುತ್ತದೆ. ಇನ್ನೊಂದು ಕಡೆ, ಖಾದಿಗೆ, ಹಿಂದಿ ಪ್ರಚಾರಕ್ಕೆ, ಆಶ್ರಮಗಳಿಗೆ, ಜೈಲಿಗೆ ಹೋದ ಕಾರ್ಯಕರ್ತರ ಮನೆಗಳಿಗೆ ವರ್ಷವರ್ಷವೂ ಹಣ ಒದಗಬೇಕಾದರೆ ದುಡಿಮೆ ನಡೆಯುತ್ತಲೇ ಇರಬೇಕಾಗಿತ್ತು ಎಂಬುದೂ ನಿಜ.

ಕೊನೆಯ ವರ್ಷದಲ್ಲಿ ಅವರು ಆ ತಡೆಯನ್ನು ಸ್ವಲ್ಪ ಮೀರಿದರು. 1941ರಲ್ಲಿ ಜೈಲಿನಿಂದ ಅನಾರೋಗ್ಯದೊಡನೆ ಬಿಡುಗಡೆಯಾಗಿ ಬಂದ ಮೇಲೆ ಗೋಸೇವೆಯ ಕೆಲಸವನ್ನು ಕೈಗೆತ್ತಿಕೊಂಡು, ಬಂಗಲೆ ಬಿಟ್ಟು ವರ್ಧಾದ ಗೋಪುರಿಯ ಗುಡಿಸಲಿನಲ್ಲಿ ವಾಸ ಮಾಡಿದರು. 1942ರ ಫೆಬ್ರವರಿ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ಹಠಾತ್ತನೆ ತೀರಿಕೊಂಡರು.

ಪ್ರಶ್ನೆ: ಅವರ ಪತ್ನಿಯ ಬಗ್ಗೆ ಯಾರೂ ಹೆಚ್ಚು ಬರೆದದ್ದು ಕಾಣೆ. ದಯವಿಟ್ಟು ತಿಳಿಸಿ. (ಮೈಸೂರಿನ ಓದುಗರು)

ಉತ್ತರ: ಜಾನಕೀದೇವಿಯವರು ಬಾಲ್ಯದಲ್ಲೇ ಮದುವೆಯಾಗಿ ವರ್ಧಾದ ಮನೆಗೆ ಬಂದವರು. ಮಾರವಾಡಿ ಸಿರಿವಂತರ ಸೊಸೆಗೆ ಆ ಕಾಲದಲ್ಲಿ ಮುಖ ಮುಚ್ಚುವ ಸೆರಗು ಎಷ್ಟು ಅನಿವಾರ್ಯವೋ ಮೈತುಂಬ ಚಿನ್ನವೂ ಅಷ್ಟೇ ಅನಿವಾರ್ಯ. ಅವರು ಎರಡನ್ನೂ ಬಿಟ್ಟರು; ಮನೆಯಲ್ಲಿದ್ದ ವಿದೇಶಿ ಬಟ್ಟೆಯನ್ನು ಬೆಂಕಿಗೆ ಹಾಕಿ ಖಾದಿ ಉಟ್ಟರು, ಸಭೆಗಳಲ್ಲಿ ಮಾತನಾಡಿದರು, ಸತ್ಯಾಗ್ರಹದಲ್ಲಿ ಜೈಲನ್ನೂ ಕಂಡರು. ಒಡವೆ ಬೇಡವೆಂದು ಜಗಳವಾಡಿ ಮನೆ ಬಿಟ್ಟಿದ್ದ ಗಂಡನಿಗೆ ಆ ದಿನ ಎಷ್ಟು ಸಮಾಧಾನವಾಗಿರಬೇಕೆಂದು ನಾನು ಊಹಿಸಬಲ್ಲೆ. ಆದರೆ ಬಿಡುವುದು ಹೆಣ್ಣಿಗೆ ಇನ್ನೂ ಕಷ್ಟದ್ದು, ಏಕೆಂದರೆ ನೆರೆಹೊರೆಯವರ ಮಾತನ್ನು ದಿನವೂ ಕೇಳಬೇಕಾದವಳು ಅವಳು.

ಗಂಡ ತೀರಿಕೊಂಡ ಮೇಲೆ ಗೋಸೇವೆಯ ಹೊಣೆಯನ್ನು ವಹಿಸಿಕೊಂಡರು, ಮುಂದೆ ವಿನೋಬಾರ ಭೂದಾನ ಚಳವಳಿಯಲ್ಲಿ ಸೇರಿದರು. 1956ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ಭೂದಾನದಲ್ಲಿ ಸಿಕ್ಕ ಜಮೀನಿಗೆ ನೀರಿಲ್ಲದಿದ್ದರೆ ಬಡವನಿಗೆ ಅದರಿಂದ ಉಪಯೋಗವಿಲ್ಲವೆಂಬುದು ಬೇಗನೆ ಅರಿವಾಗಿ, ಭೂಮಿಯ ಜೊತೆಗೆ ಬಾವಿಯನ್ನೂ ದಾನವಾಗಿ ಬೇಡುವ ‘ಕೂಪದಾನ’ವೆಂಬ ಕೆಲಸ ಆಗ ನಡೆಯಿತು. ಊರೂರು ತಿರುಗಿ, ಉಳ್ಳವರ ಮನೆಯ ಬಾಗಿಲಲ್ಲಿ ನಿಂತು, ಕಾಣದ ಯಾವುದೋ ಹಳ್ಳಿಗೆ ಒಂದು ಬಾವಿ ತೋಡಿಸಿಕೊಡಿರೆಂದು ಕೇಳುವುದರಲ್ಲಿ ಮುಂದೆ ಇದ್ದವರು ಜಾನಕೀದೇವಿ. ಅವರ ಅತ್ತೆಮಾವಂದಿರು ಕಾಶೀ ಕಾ ಬಾಸ್‌ನಲ್ಲಿ ಮಗನನ್ನು ಕೊಟ್ಟು ಕೇಳಿದ್ದೂ ಅದನ್ನೇ.